ಅವ್ವನ ಬೆರಳಿನ ಕಂದು ಕಲೆ

ಕಾಲೇಜಿನ ದಿನಗಳು ಅಂದರೆ ನನಗೆ ಮೊದಲು ನೆನಪಾಗುವುದು ಬೆಳಗಿನ ರೈಲು. ಪಾಂಡವಪುರದಲ್ಲಿ ಹತ್ತಿ ಮಂಡ್ಯದಲ್ಲಿ ಇಳಿಯುತ್ತಿದ್ದೆವು. ಸೆಕೆಂಡ್ ಪಿಯುಸಿ ಪರೀಕ್ಷೆ ಹತ್ತಿರ ಬಂದಾಗ ನಾನೂ ನನ್ನ ಗೆಳತಿಯೂ ಕಿಟಕಿ ಪಕ್ಕ ಕೂತು ಡಿ-ಬ್ಲಾಕ್ ಧಾತುಗಳನ್ನು, ಅಂದರೆ ಆವರ್ತ ಕೋಷ್ಟಕದ ನಡುವೆ ಬರುವ ಲೋಹಗಳನ್ನು, ಬಾಯಿಪಾಠ ಮಾಡುತ್ತಿದ್ದೆವು. ಸ್ಕ್ಯಾಂಡಿಯಂ, ಟೈಟಾನಿಯಂ, ವನೇಡಿಯಂ... ಯಲಿಯೂರು ಬರುವಷ್ಟರಲ್ಲಿ ಜಿಂಕ್ ಮುಗಿಯಬೇಕು. ಬರೀ ಹೆಸರಲ್ಲ, ಎಲೆಕ್ಟ್ರಾನ್ ವಿನ್ಯಾಸವನ್ನೂ, ಅಂದರೆ ಡಿ, ಎಸ್ ಅನ್ನುವ ಕಕ್ಷಕಗಳಲ್ಲಿ ಎಷ್ಟೆಷ್ಟು ಎಲೆಕ್ಟ್ರಾನ್ ಇವೆ ಅಂತಲೂ, ಹೇಳಬೇಕು.

ದಿನಾ ತಪ್ಪುತ್ತಿದ್ದದ್ದು ಕ್ರೋಮಿಯಂನಲ್ಲಿ. ಡಿ ನಾಲ್ಕು, ಎಸ್ ಎರಡು ಅಂತಲೇ ಬಾಯಿಗೆ ಬರೋದು. ಡಿ ಐದು, ಎಸ್ ಒಂದು ಅನ್ನಬೇಕಿತ್ತು. ತಾಮ್ರದಲ್ಲೂ ಹಾಗೇ, ಡಿ ಹತ್ತು, ಎಸ್ ಒಂದು. ಅರ್ಧ ತುಂಬಿದ ಡಿ, ಪೂರ್ತಿ ತುಂಬಿದ ಡಿ ಎರಡಕ್ಕೂ ಸ್ಥಿರತೆ ಜಾಸ್ತಿ.

ನಮ್ಮ ಕೆಮಿಸ್ಟ್ರಿ ಮೇಡಂ ಅದಿರಿನ ಹೆಸರು ಬರೆದ ಕೂಡಲೇ ಅದರ ಊರನ್ನೂ ಹೇಳುತ್ತಿದ್ದರು. ಕ್ರೋಮೈಟ್ ಅಂದರೆ ಹಾಸನ ಜಿಲ್ಲೆಯ ಬೈರಾಪುರ. ಮ್ಯಾಂಗನೀಸ್ ಅಂದರೆ ಬಳ್ಳಾರಿ ಜಿಲ್ಲೆಯ ಸಂಡೂರು. ನನಗೆ ಅದು ಬಹಳ ಹಿಡಿಸಿತು.

ಆದರೂ ಪೊಟ್ಯಾಶಿಯಂ ಪರ್ಮಾಂಗನೇಟ್ ತಯಾರಿಕೆ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಪೈರೊಲುಸೈಟ್, ಅಂದರೆ ಮ್ಯಾಂಗನೀಸ್ ಡೈಆಕ್ಸೈಡನ್ನು ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಜೊತೆ ಗಾಳಿಯಲ್ಲಿ ಕಾಯಿಸಿ ಕರಗಿಸಿದರೆ ಹಸಿರು ಮ್ಯಾಂಗನೇಟ್. ಅದರ ದ್ರಾವಣಕ್ಕೆ ವಿದ್ಯುತ್ ಹಾಯಿಸಿದರೆ ನೇರಳೆ ಪರ್ಮಾಂಗನೇಟ್. ಮ್ಯಾಂಗನೀಸಿನ ಆಕ್ಸಿಡೀಕರಣ ಸಂಖ್ಯೆ, ಅಂದರೆ ಅದು ಬಿಟ್ಟುಕೊಟ್ಟ ಎಲೆಕ್ಟ್ರಾನ್‌ಗಳ ಲೆಕ್ಕ, ಪ್ಲಸ್ ನಾಲ್ಕರಿಂದ ಆರಕ್ಕೆ, ಆರರಿಂದ ಏಳಕ್ಕೆ. ಯಾವುದು ಹಸಿರು, ಯಾವುದು ನೇರಳೆ ಅಂತ ಪ್ರತಿ ಸಲ ಗೊಂದಲ.

ಆಗಲೇ ನಮ್ಮ ಹಸುವಿಗೆ ಕಾಲುಬಾಯಿ ಜ್ವರ ಬಂತು. ಬಾಯೆಲ್ಲಾ ಹುಣ್ಣು, ಮೇವು ಮುಟ್ಟುತ್ತಿರಲಿಲ್ಲ. ಅವ್ವ ಸಂಜೆ ಕೊಟ್ಟಿಗೆಯಲ್ಲಿ ಕೂತು ಒಂದು ಚಿಟಿಕೆ ಕಪ್ಪು ಹರಳನ್ನು ಬಕೆಟ್ ನೀರಿಗೆ ಹಾಕಿದಳು. ಹರಳು ಮುಳುಗುತ್ತಾ ನೇರಳೆ ಎಳೆ ಬಿಟ್ಟುಕೊಂಡು ಹೋಯಿತು. ಅವಳು ಕೈಯಾಡಿಸಿದಳು. ನೀರೆಲ್ಲಾ ತಿಳಿಗುಲಾಬಿ. ಆ ನೀರಲ್ಲಿ ಹಸುವಿನ ಬಾಯಿ, ಗೊರಸಿನ ಸಂದು ಎಲ್ಲಾ ಮೆಲ್ಲಗೆ ತೊಳೆದಳು.

ರಾತ್ರಿ ಊಟಕ್ಕೆ ಬಡಿಸುವಾಗ ನೋಡಿದೆ, ಅವಳ ಬೆರಳುಗಳು, ಉಗುರಿನ ಸುತ್ತ, ಎಲ್ಲಾ ಕಂದು.

"ಕೈ ಯಾಕವ್ವಾ ಹಿಂಗಾಗೈತೆ?"

"ಅದೇ ಔಸ್ದಿ ನೀರು ಕಣವ್ವ. ನಿಂಬೆಹಣ್ಣು ಉಜ್ಜಿದ್ರೆ ಹೋಯ್ತದೆ ಬುಡು."

ನಾನು ನೋಟ್ಸ್ ತೆಗೆದು ನೋಡಿದೆ. ಅವ್ವ ನೀರಿಗೆ ಹಾಕಿದ ಕಪ್ಪು ಹರಳು ಅದೇ ಪೊಟ್ಯಾಶಿಯಂ ಪರ್ಮಾಂಗನೇಟ್. ಚರ್ಮಕ್ಕೆ ತಾಕಿ ಪರ್ಮಾಂಗನೇಟ್ ಆಕ್ಸಿಜನ್ ಕಳೆದುಕೊಂಡಿತ್ತು. ಆ ಕಂದು ಕಲೆ ಮ್ಯಾಂಗನೀಸ್ ಡೈಆಕ್ಸೈಡ್. ಪಾಠ ಶುರುವಾಗುವುದೇ ಅದರಿಂದ! ಸಂಡೂರಿನ ಮಣ್ಣಲ್ಲಿರುವ ವಸ್ತು ಅವ್ವನ ಬೆರಳಿಗೆ ಬಂದು ಕೂತಿತ್ತು. ಅವಳು ನಿಂಬೆ ಹೋಳು ಉಜ್ಜಿದಳು. ಕಲೆ ತಿಳಿಯಾಗುತ್ತಾ ಹೋಯಿತು. ನಿಂಬೆಹುಳಿ ತಾಕಿ ಪ್ಲಸ್ ಎರಡಕ್ಕೆ ಇಳಿದ ಮ್ಯಾಂಗನೀಸ್‌ಗೆ ಹೆಚ್ಚೂಕಡಿಮೆ ಬಣ್ಣವೇ ಇಲ್ಲ.

ಅವತ್ತು ಒಲೆ ಮುಂದೆ ಕೂತು ಇಡೀ ಪಾಠವನ್ನು ಅವ್ವನಿಗೆ ಒಪ್ಪಿಸಿದೆ. ಹಸಿರು, ನೇರಳೆ, ಕಂದು, ಒಂದೂ ತಪ್ಪಲಿಲ್ಲ. ಅವಳು ಕೊನೆತನಕ ಸುಮ್ನೆ ಕೇಳಿದಳು. ಆಮೇಲೆ ಕೈ ಒರೆಸಿಕೊಳ್ಳುತ್ತಾ, "ಆ ಸಂಡೂರು ಇಲ್ಲಿಂದ ಎಷ್ಟು ದೂರ ಆಯ್ತದವ್ವ?" ಅಂದಳು.