ನೊರೆ ನೋಡಲು ಹೋಗಿ ಸಿಕ್ಕ ಗೆಳೆಯ

ಇವತ್ತು ಮೈಸೂರು ರಸ್ತೆಯಲ್ಲಿ ಬಸ್ಸು ಅರ್ಧ ಗಂಟೆ ನಿಂತೇ ಇತ್ತು. ಕಿಟಕಿಯಿಂದ ಅದೇ ಹಳೇ ವಾಸನೆ. ‘ಏನ್ ಮೋರಿ ಇದು’ ಅಂತ ಪಕ್ಕದವರು ಮೂಗು ಮುಚ್ಚಿಕೊಂಡರು. ಮೋರಿ ಅಲ್ಲ ಸ್ವಾಮಿ, ವೃಷಭಾವತಿ, ನದಿ, ಅಂದೆ. ನಂಬಲಿಲ್ಲ. ಅವರ ತಪ್ಪಿಲ್ಲ ಬಿಡಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತದೆ ಅಂತ ಹೇಳುವ ಹೊಳೆ, ಗಾಳಿ ಆಂಜನೇಯನ ಗುಡಿ ಹತ್ತಿರ ಬರುವಷ್ಟರಲ್ಲೇ ಕಪ್ಪಗಾಗಿರುತ್ತದೆ, ಆಮೇಲೆ ಬೈರಮಂಗಲ ಕೆರೆ, ಅರ್ಕಾವತಿ, ಕೊನೆಗೆ ಸಂಗಮದಲ್ಲಿ ಕಾವೇರಿ.

ನನಗಂತೂ ಈ ಹೊಳೆ ಒಬ್ಬ ಗೆಳೆಯನನ್ನು ಕೊಟ್ಟಿದೆ. ಬೈರಮಂಗಲದ ನೊರೆ ನೋಡಿ ಪದ್ಯ ಬರೆಯೋಣ ಅಂತ ಹೋದವನಿಗೆ, ಕಲ್ಲಿನ ಮೇಲೆ ಕೂತು ಅದೇ ನೊರೆಯ ಚಿತ್ರ ಬರೆಯುತ್ತಿದ್ದವರು ಸಿಕ್ಕರು. ಬ್ರಶ್ಶನ್ನು ಆ ನೀರಿಗೇ ಅದ್ದುತ್ತಿದ್ದರು. ಸುಮ್ನೆ ನೀರು ಸವರಿದರೂ ಹಾಳೆ ಮೇಲೆ ಬೂದು ಗೆರೆ ಮೂಡುತ್ತಿತ್ತು. ‘ಬಣ್ಣದ ಖರ್ಚು ಉಳೀತು ನೋಡಿ’ ಅಂದರು. ನನ್ನ ಪದ್ಯದಲ್ಲಿ ‘ಮಲ್ಲಿಗೆಯಂಥ ನೊರೆ’ ಅಂತ ಒಂದು ಸಾಲಿತ್ತು. ಓದಿ, ಮಲ್ಲಿಗೆಗೆ ಈ ವಾಸನೆ ಇರುತ್ತಾ ಗುರುವೇ, ಅಂದರು. ಅಲ್ಲೇ ಹೊಡೆದುಹಾಕಿದೆ.

ಆರು ವರ್ಷ ಆಯ್ತು, ಇವತ್ತಿಗೂ ನನ್ನ ಮೊದಲ ಓದುಗ ಅವರೇ. ಹೊಳೆ ಚೆನ್ನಾಗಿದ್ದಿದ್ದರೆ ನಾವಿಬ್ಬರು ಸಿಗ್ತಾನೇ ಇರಲಿಲ್ಲವೇನೋ ಅಂತ ಅನಿಸಿ ಒಂಥರಾ ಕಸಿವಿಸಿ. ಬಸ್ಸು ಹೊರಟಿತು. ಭಾನುವಾರ ಬಿಡುವಿದೆಯಾ ಅಂತ ಅವರಿಗೊಂದು ಫೋನ್ ಮಾಡಬೇಕು.