ಟ್ರಾಯ್ ಕಾರ್ಟರ್: ಕಮಿಷನ್ ಬಿಟ್ಟು ಪಾಲು ಕೇಳಿದ ಮ್ಯಾನೇಜರ್

ಸಂಗೀತಗಾರರ ಮ್ಯಾನೇಜರ್ ವರ್ಷಗಟ್ಟಲೆ ದುಡಿದು ಕಟ್ಟಿದ್ದರಲ್ಲಿ ಅವರ ಸ್ವಂತದ್ದು ಅಂತ ಉಳಿಯುವುದು ಬಹಳ ಕಡಿಮೆ. ಹೆಸರು ಕಲಾವಿದರದ್ದು, ಮಾಸ್ಟರ್ ರೆಕಾರ್ಡಿಂಗ್ ಸಾಮಾನ್ಯವಾಗಿ ಕಂಪನಿಯದ್ದು, ಟಿಕೆಟ್ ಹಣ ಮೊದಲು ಸೇರುವುದು ಪ್ರೊಮೋಟರ್ ಕೈಗೆ. ಅಮೆರಿಕದ ಪದ್ಧತಿಯಲ್ಲಿ ಮ್ಯಾನೇಜರ್‌ಗೆ ಸಿಗುವುದು ಶೇ. 15ರಿಂದ 20ರ ಕಮಿಷನ್. ಅದೂ ಕಲಾವಿದರು ಜೊತೆಗಿದ್ದಷ್ಟು ಕಾಲ. ಒಂದು ದಿನ ವಕೀಲರಿಂದ ಪತ್ರ ಬಂದರೆ ಅಲ್ಲಿಗೆ ಮುಗಿಯಿತು. ಲೇಡಿ ಗಾಗಾ ಅವರ ಮ್ಯಾನೇಜರ್ ಆಗಿದ್ದು ಮುಂದೆ ಹೂಡಿಕೆದಾರರಾದ ಟ್ರಾಯ್ ಕಾರ್ಟರ್ ಅವರ ವೃತ್ತಿಯನ್ನು ಈ ಲೆಕ್ಕದಿಂದಲೇ ನೋಡಬೇಕು. ಅವರು ಹಣ ಹಾಕಿದ ಉಬರ್, ಸ್ಪಾಟಿಫೈ, ಡ್ರಾಪ್‌ಬಾಕ್ಸ್ ಹೆಸರುಗಳಿಂದ ಕಥೆ ಶುರು ಮಾಡಿದರೆ ಅದು ಅದೃಷ್ಟದ ಕಥೆಯಂತೆ ಕಾಣುತ್ತದೆ.

ಕಾರ್ಟರ್ 1972ರಲ್ಲಿ ಹುಟ್ಟಿದ್ದು, ಬೆಳೆದದ್ದು ಪಶ್ಚಿಮ ಫಿಲಡೆಲ್ಫಿಯಾದಲ್ಲಿ. ಹೈಸ್ಕೂಲು ಅರ್ಧಕ್ಕೆ ಬಿಟ್ಟು ಗೆಳೆಯರ ಜೊತೆ 'ಟೂ ಟೂ ಮೆನಿ' ಅನ್ನುವ ರ್‍ಯಾಪ್ ತಂಡ ಕಟ್ಟಿದರು. ವಿಲ್ ಸ್ಮಿತ್ ಮತ್ತು ಡಿಜೆ ಜ್ಯಾಜಿ ಜೆಫ್ ಅವರ ಸಣ್ಣ ರೆಕಾರ್ಡ್ ಕಂಪನಿ (ಲೇಬಲ್) ತಂಡವನ್ನು ತೆಗೆದುಕೊಂಡರೂ ರ್‍ಯಾಪರ್ ಆಗಿ ಕೈ ಹತ್ತಲಿಲ್ಲ. ಆಮೇಲೆ ಸ್ಮಿತ್ ಬಳಗದಲ್ಲಿ ಅವರ ಮ್ಯಾನೇಜರ್ ಜೇಮ್ಸ್ ಲಾಸಿಟರ್ ಕೈಕೆಳಗೆ ಕೆಲಸ ಕಲಿತರು. ಶಾನ್ ಕೋಂಬ್ಸ್ ಅವರ ಬ್ಯಾಡ್ ಬಾಯ್ ಕಂಪನಿಯಲ್ಲೂ ಸ್ವಲ್ಪ ಕಾಲ ಇದ್ದರು. 1999ರಲ್ಲಿ, ಬಾಸ್ಕೆಟ್‌ಬಾಲ್ ದಿಗ್ಗಜ ಜೂಲಿಯಸ್ ಅರ್ವಿಂಗ್ ಅವರ ಮಗ ಜೆ. ಅರ್ವಿಂಗ್ ಜೊತೆ ಸೇರಿ 'ಅರ್ವಿಂಗ್ ವಂಡರ್' ಕಂಪನಿ ಶುರು ಮಾಡಿದರು. ಅವರ ಮುಖ್ಯ ಕಲಾವಿದೆ ಫಿಲಡೆಲ್ಫಿಯಾದವರೇ ಆದ ರ್‍ಯಾಪರ್ ಈವ್.

2004ರಲ್ಲಿ ಈ ಕಂಪನಿಯನ್ನು ಬ್ರಿಟನ್ನಿನ ಸಂಗೀತ ಕಂಪನಿ ಸ್ಯಾಂಕ್ಚುಅರಿ ಗ್ರೂಪ್ ಕೊಂಡಿತು. ಮ್ಯಾನೇಜ್‌ಮೆಂಟ್ ಕಂಪನಿಯನ್ನು ಕೊಳ್ಳುವುದು ಅಂದರೆ ಏನನ್ನು ಕೊಂಡ ಹಾಗೆ? ಅದರಲ್ಲಿ ಯಂತ್ರವಿಲ್ಲ, ಕಟ್ಟಡವಿಲ್ಲ, ಹಾಡಿನ ಹಕ್ಕೂ ಇಲ್ಲ. ಇರುವುದು ಕೆಲವು ಕರಾರುಗಳು ಮತ್ತು ಕೆಲವರ ನಡುವಿನ ನಂಬಿಕೆ. ಕಲಾವಿದರ ಕರಾರಿನಲ್ಲಿ ಸಾಮಾನ್ಯವಾಗಿ 'ಕೀ ಮ್ಯಾನ್' ಷರತ್ತು ಇರುತ್ತದೆ: ಇಂಥ ಮ್ಯಾನೇಜರ್ ಕಂಪನಿ ಬಿಟ್ಟರೆ ಕಲಾವಿದರೂ ಬಿಡಬಹುದು. ಹಾಗಾಗಿ ಕೊಂಡವರ ಕೈಯಲ್ಲಿ ಗಟ್ಟಿಯಾದದ್ದು ಏನೂ ಉಳಿಯುವುದಿಲ್ಲ. ಇಂಥ ಕಂಪನಿಗಳನ್ನು ಸಾಲು ಸಾಲಾಗಿ ಕೊಂಡ ಸ್ಯಾಂಕ್ಚುಅರಿ ಹಣಕಾಸಿನ ಇಕ್ಕಟ್ಟಿಗೆ ಸಿಕ್ಕಿತು. 2007ರಲ್ಲಿ ಯೂನಿವರ್ಸಲ್ ಅದನ್ನು ಕೊಂಡಿತು. ಅಷ್ಟರಲ್ಲಿ ಕಾರ್ಟರ್ ಹೊರಬಿದ್ದಿದ್ದರು. ಈವ್ ಅವರೂ ಕಾರ್ಟರ್‌ರನ್ನು ಬಿಟ್ಟರು. ಮನೆ ಸಾಲದ ಕಂತು ಕಟ್ಟಲಾಗದೆ ಮನೆ ಕೈತಪ್ಪುವ ಹಂತ ತಲುಪಿದ್ದನ್ನು ಕಾರ್ಟರ್ ಸಂದರ್ಶನಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಅವರು ಮುಂದೆ ತೆಗೆದುಕೊಂಡ ನಿರ್ಧಾರಗಳ ಬೇರು ಈ ವರ್ಷಗಳಲ್ಲಿದೆ ಎಂದೇ ನನ್ನ ಅಭಿಪ್ರಾಯ.

ಕಮಿಷನ್ ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಹೆಚ್ಚಿನ ಜಗಳಗಳು ಹುಟ್ಟುವುದು ಇಲ್ಲೇ. ಒಂದು ವಾರದ ಕಾರ್ಯಕ್ರಮಗಳಿಂದ ಕಲಾವಿದರಿಗೆ 1,00,000 ಡಾಲರ್ ಬಂತು ಅನ್ನಿ. ವೇದಿಕೆ, ಧ್ವನಿ, ಬೆಳಕಿಗೆ 40,000. ತಂಡದ ಸಂಬಳ, ಓಡಾಟ, ಹೋಟೆಲಿಗೆ 25,000. ಬುಕಿಂಗ್ ಏಜೆಂಟ್‌ಗೆ ಶೇ. 10, ಅಂದರೆ 10,000. ಲೆಕ್ಕಪತ್ರ ನೋಡುವ ಬಿಸಿನೆಸ್ ಮ್ಯಾನೇಜರ್‌ಗೆ ಶೇ. 5, ಅಂದರೆ 5,000. ಉಳಿದದ್ದು 20,000. ಮ್ಯಾನೇಜರ್ ಒಟ್ಟು ಆದಾಯದ ಮೇಲೆ ಶೇ. 20 ತೆಗೆದುಕೊಂಡರೆ ಆ 20,000ವೂ ಹೋಯಿತು, ಹಾಡಿದವರಿಗೆ ಸೊನ್ನೆ. ಆದ್ದರಿಂದ ಯಾವ ಖರ್ಚುಗಳನ್ನು ಕಳೆದ ಮೇಲೆ ಕಮಿಷನ್ ಹಾಕಬೇಕು ಅನ್ನುವ ಒಂದು ಸಾಲು, ಕಮಿಷನ್ ಶೇ. 15 ಇರಬೇಕೇ 20 ಇರಬೇಕೇ ಅನ್ನುವುದಕ್ಕಿಂತ ದೊಡ್ಡದು. ರೆಕಾರ್ಡಿಂಗ್ ವೆಚ್ಚ, ವಿಡಿಯೊ ವೆಚ್ಚ, ಲೇಬಲ್ ಕೊಡುವ ಟೂರ್ ನೆರವು, ಧ್ವನಿ ಬೆಳಕಿನ ಬಾಡಿಗೆ, ಇವನ್ನು ಹೊರಗಿಡುವುದು ರೂಢಿ.

ಇನ್ನೊಂದು 'ಸನ್‌ಸೆಟ್' ಷರತ್ತು. ಕರಾರು ಮುಗಿದ ಮೇಲೂ, ಅದರ ಅವಧಿಯಲ್ಲಿ ಆದ ಹಾಡುಗಳ ಆದಾಯದಲ್ಲಿ ಮ್ಯಾನೇಜರ್‌ಗೆ ಇಳಿಯುತ್ತಾ ಹೋಗುವ ಪಾಲು ಇರುತ್ತದೆ. ಮೊದಲ ವರ್ಷ ಶೇ. 15, ಎರಡನೆಯದು 10, ಮೂರನೆಯದು 5, ಆಮೇಲೆ ಇಲ್ಲ, ಹೀಗೆ. ಈ ಸಾಲು ಬರೆಯದೆ ಬಿಟ್ಟವರು ಒಂದೋ ಮರುದಿನವೇ ಬರಿಗೈ, ಇಲ್ಲವೇ ಹತ್ತು ವರ್ಷ ಕೋರ್ಟಿಗೆ ಅಲೆದಾಟ. ಕ್ಯಾಲಿಫೋರ್ನಿಯಾದಲ್ಲಿ ಮತ್ತೊಂದು ತೊಡಕಿದೆ. ಅಲ್ಲಿನ ಕಾನೂನಿನಂತೆ ಲೈಸೆನ್ಸ್ ಇಲ್ಲದ ಮ್ಯಾನೇಜರ್ ಕಲಾವಿದರಿಗೆ ಕಾರ್ಯಕ್ರಮ ಗೊತ್ತುಮಾಡಿ ಕೊಡುವಂತಿಲ್ಲ. ಅದು ಏಜೆಂಟರ ಕೆಲಸ. ರೆಕಾರ್ಡಿಂಗ್ ಕರಾರು ಮಾಡಿಸುವುದಕ್ಕೆ ಮಾತ್ರ ವಿನಾಯಿತಿ. ಮೀರಿದ್ದು ಸಾಬೀತಾದರೆ ಕಮಿಷನ್ ಕಳೆದುಕೊಳ್ಳುವ ಅಪಾಯ.

ನಮ್ಮಲ್ಲಿ ಬ್ಯಾಂಡ್‌ಗಳನ್ನು, ರ್‍ಯಾಪರ್‌ಗಳನ್ನು ನೋಡಿಕೊಳ್ಳುತ್ತಿರುವ ಬೆಂಗಳೂರಿನ ಗೆಳೆಯರು ಇಂಥ ಅಮೆರಿಕನ್ ಕರಾರನ್ನು ಇಳಿಸಿಕೊಂಡು ಹಾಗೆಯೇ ಸಹಿ ಹಾಕಿಸಬಾರದು. 2012ರ ತಿದ್ದುಪಡಿಯ ನಂತರ ಭಾರತದ ಕೃತಿಸ್ವಾಮ್ಯ ಕಾಯ್ದೆಯಲ್ಲಿ, ಸಿನಿಮಾದಲ್ಲಿ ಅಥವಾ ಧ್ವನಿಮುದ್ರಣದಲ್ಲಿ ಸೇರಿದ ಹಾಡಿನ ಸಾಹಿತಿ ಮತ್ತು ಸಂಯೋಜಕರು ತಮ್ಮ ರಾಯಧನದ ಪಾಲನ್ನು ಕಾನೂನಿನ ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಬಿಟ್ಟು ಬೇರೆಯವರಿಗೆ ಬರೆದುಕೊಡಲು ಬರುವುದಿಲ್ಲ. ಹಾಗೆ ಬರೆಸಿಕೊಂಡ ಸಾಲು ನಿಲ್ಲುವುದಿಲ್ಲ.

ಕಾರ್ಟರ್‌ಗೆ ಮರಳೋಣ. 2007ರಲ್ಲಿ ನಿರ್ಮಾಪಕ ವಿನ್ಸೆಂಟ್ ಹರ್ಬರ್ಟ್ ಒಬ್ಬ ಹೊಸ ಗಾಯಕಿಯನ್ನು ಕರೆತಂದರು. ಒಂದು ದೊಡ್ಡ ಲೇಬಲ್ ಆಗಲೇ ಕೈಬಿಟ್ಟಿದ್ದ ಲೇಡಿ ಗಾಗಾ. ರೇಡಿಯೊಗಳಿಗೆ ಅವರ ನೃತ್ಯಸಂಗೀತ ಬೇಡವಾಗಿತ್ತು. ಹಾಗಾಗಿ ಒಂದೇ ರಾತ್ರಿಯಲ್ಲಿ ಹಲವು ಕ್ಲಬ್‌ಗಳಲ್ಲಿ ಹಾಡಿಸಿದರು, ಗೇ ಕ್ಲಬ್‌ಗಳಲ್ಲಿ ಕೇಳುಗರನ್ನು ಕಟ್ಟಿದರು, ಯೂಟ್ಯೂಬ್, ಮೈಸ್ಪೇಸ್, ಟ್ವಿಟರ್ ಹಿಡಿದರು. 2011ರ ಮೇ ತಿಂಗಳಲ್ಲಿ ಟ್ವಿಟರ್‌ನಲ್ಲಿ ಒಂದು ಕೋಟಿ ಅನುಯಾಯಿಗಳನ್ನು ಮುಟ್ಟಿದ ಮೊದಲಿಗರು ಗಾಗಾ. ಇದರ ಜೊತೆಗೆ ನೆನಪಿಡಬೇಕಾದ್ದು ಇನ್ನೊಂದಿದೆ: ಮಾನ್‌ಸ್ಟರ್ ಬಾಲ್ ಅನ್ನುವ ಅವರ ಸಂಗೀತ ಪ್ರವಾಸ ಕೊನೆಗೆ 22 ಕೋಟಿ ಡಾಲರ್‌ಗೂ ಮೀರಿ ವಹಿವಾಟು ಮಾಡಿತು, ಆದರೆ ನಡುವೆ ಒಂದು ಹಂತದಲ್ಲಿ ತಾನು 30 ಲಕ್ಷ ಡಾಲರ್ ಸಾಲದಲ್ಲಿದ್ದೆ ಎಂದು ಗಾಗಾ ಅವರೇ ಹೇಳಿದ್ದಾರೆ. ಬಂದದ್ದನ್ನೆಲ್ಲ ವೇದಿಕೆಗೇ ಸುರಿದಿದ್ದರು. ಮೇಲಿನ ಲೆಕ್ಕ ಎಷ್ಟು ನಿಜ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

'ಬಾರ್ನ್ ದಿಸ್ ವೇ' ಆಲ್ಬಂ ಬಂದದ್ದೂ ಆ ಮೇ ತಿಂಗಳಲ್ಲೇ. ಅಮೆಜಾನ್ ಅದನ್ನು 99 ಸೆಂಟ್‌ಗೆ ಮಾರಿತು. ಬೇಡಿಕೆಗೆ ಅವರ ಸರ್ವರ್‌ಗಳೇ ತಡವರಿಸಿದವು. ಮೊದಲ ವಾರ ಸುಮಾರು 11 ಲಕ್ಷ ಪ್ರತಿ ಹೋದವು, ಅದರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಆ 99 ಸೆಂಟ್‌ನವು. ಜಿಂಗಾ ಕಂಪನಿ ಫಾರ್ಮ್‌ವಿಲ್ ಆಟದೊಳಗೆ 'ಗಾಗಾವಿಲ್' ಮಾಡಿತು. ಲೇಬಲ್‌ಗೆ ಅಮೆಜಾನ್ ಪೂರ್ತಿ ಸಗಟು ಬೆಲೆಯನ್ನೇ ಕೊಟ್ಟಿತು ಎಂದು ಆಗ ಪತ್ರಿಕೆಗಳು ಬರೆದವು. ಅಂದರೆ ನಷ್ಟ ತಿಂದಾದರೂ ಗ್ರಾಹಕರನ್ನು ಸೆಳೆಯಲು ಕಂಪನಿಗಳು ಸಾಲು ನಿಂತಿದ್ದವು. ಕಾರ್ಟರ್ ಓದಿಕೊಂಡದ್ದು ಇದನ್ನು. ಜಾಹೀರಾತಿನ ಶುಲ್ಕ ಒಮ್ಮೆ ಬಂದು ಹೋಗುತ್ತದೆ, ಅದೇ ಗಮನವನ್ನು ಕಂಪನಿಯ ಷೇರಿಗೆ ಬದಲಾಯಿಸಿಕೊಂಡರೆ ಕಂಪನಿ ಬೆಳೆದಂತೆ ಅದೂ ಬೆಳೆಯುತ್ತದೆ.

ಮೊದಲ ದೊಡ್ಡ ಪ್ರಯತ್ನ ಸೋತಿತು. ಮ್ಯಾಟ್ ಮೈಕಲ್ಸನ್, ಜೋ ಲಾನ್ಸ್‌ಡೇಲ್ ಜೊತೆ ಕಟ್ಟಿದ ಬ್ಯಾಕ್‌ಪ್ಲೇನ್ ಅನ್ನುವ ಕಂಪನಿ, 2012ರಲ್ಲಿ ಗಾಗಾ ಅಭಿಮಾನಿಗಳಿಗಾಗಿ 'ಲಿಟಲ್ ಮಾನ್‌ಸ್ಟರ್ಸ್' ತಾಣವನ್ನು ತೆರೆಯಿತು. ಅದು ಚೆನ್ನಾಗಿಯೇ ನಡೆಯಿತು. ಅದನ್ನೇ ಬೇರೆ ಬ್ರ್ಯಾಂಡ್‌ಗಳಿಗೆ, ಬೇರೆ ಕಲಾವಿದರಿಗೆ ಮಾರುತ್ತೇವೆ ಅನ್ನುವುದು ಯೋಜನೆ. ಆದರೆ ಗಾಗಾ ಅಭಿಮಾನಿಗಳ ನಿಷ್ಠೆ ಸಾಫ್ಟ್‌ವೇರ್‌ನಲ್ಲಿ ಇರಲಿಲ್ಲ. 1.8 ಕೋಟಿ ಡಾಲರ್‌ಗೂ ಹೆಚ್ಚು ಹಣ ಎತ್ತಿದ್ದ ಕಂಪನಿ 2016ರಲ್ಲಿ ಮುಚ್ಚಿತು. ಅದಕ್ಕೆ ಮೊದಲೇ, 2013ರ ನವೆಂಬರ್‌ನಲ್ಲಿ, ಗಾಗಾ ಮತ್ತು ಕಾರ್ಟರ್ ಬೇರೆಯಾಗಿದ್ದರು. ಈವ್ ಬಿಟ್ಟಾಗ ಮನೆ ಅಲುಗಾಡಿತ್ತು. ಗಾಗಾ ಬಿಟ್ಟಾಗ ಹಾಗಾಗಲಿಲ್ಲ. ಅಷ್ಟರಲ್ಲಿ ಆಟಮ್ ಫ್ಯಾಕ್ಟರಿ ಅನ್ನುವ ಅವರ ಮ್ಯಾನೇಜ್‌ಮೆಂಟ್ ಕಂಪನಿಯ ಹೂಡಿಕೆ ಅಂಗ 'ಎಎಫ್ ಸ್ಕ್ವೇರ್' ಹಲವು ಸ್ಟಾರ್ಟಪ್‌ಗಳಲ್ಲಿ ಸಣ್ಣ ಸಣ್ಣ ಪಾಲು ಹಿಡಿದಿತ್ತು: ಉಬರ್, ಲಿಫ್ಟ್, ಡ್ರಾಪ್‌ಬಾಕ್ಸ್, ಸ್ಪಾಟಿಫೈ, ಕನ್ನಡಕ ಮಾರುವ ವಾರ್ಬಿ ಪಾರ್ಕರ್, ಹಾಡು ಕೇಳಿಸುವ ಸಾಂಗ್ಜಾ.

ಈ ಪಟ್ಟಿಯನ್ನು ನೋಡಿ ಬೆರಗಾಗುವ ಮುನ್ನ ಸಮಯದ ಲೆಕ್ಕ ನೋಡಿ. ಸಾಂಗ್ಜಾವನ್ನು ಗೂಗಲ್ 2014ರಲ್ಲಿ ಕೊಂಡಿತು. ಡ್ರಾಪ್‌ಬಾಕ್ಸ್, ಸ್ಪಾಟಿಫೈ ಷೇರುಪೇಟೆಗೆ ಬಂದದ್ದು 2018ರಲ್ಲಿ, ಲಿಫ್ಟ್, ಉಬರ್ 2019ರಲ್ಲಿ, ವಾರ್ಬಿ ಪಾರ್ಕರ್ 2021ರಲ್ಲಿ. ಉಬರ್ ಷೇರು 45 ಡಾಲರ್‌ಗೆ ಪೇಟೆಗೆ ಬಂತು. ಹಳೆಯ ಹೂಡಿಕೆದಾರರು ಮಾರಲು ಆರು ತಿಂಗಳ ತಡೆ ಇತ್ತು. ತಡೆ ತೆರೆದ ನವೆಂಬರ್‌ನಲ್ಲಿ ಬೆಲೆ 27 ಡಾಲರ್ ಆಸುಪಾಸು. ಕಮಿಷನ್ ಹಣ ಕಾರ್ಯಕ್ರಮ ಮುಗಿದ ಕೆಲವೇ ವಾರಗಳಲ್ಲಿ ಬರುತ್ತದೆ. ಷೇರಿನ ಹಣಕ್ಕೆ ಏಳೆಂಟು ವರ್ಷ ಕಾಯಬೇಕು, ನಡುವೆ ಮನೆ ಖರ್ಚಿಗೆ ಬೇರೆ ದಾರಿ ಬೇಕು. ಮ್ಯಾನೇಜ್‌ಮೆಂಟ್ ಕೆಲಸ ಬಿಡದೆ ಹೂಡಿಕೆ ನಡೆಸಿದ್ದರಲ್ಲಿ ಕಾರ್ಟರ್ ಅವರ ಜಾಣ್ಮೆ ಇದೆ; ಜಾನ್ ಲೆಜೆಂಡ್, ಮೇಗನ್ ಟ್ರೇನರ್ ಮುಂತಾದವರು ಆಟಮ್ ಫ್ಯಾಕ್ಟರಿಯ ಕಲಾವಿದರಾಗಿದ್ದರು.

ಪಾಲು ಕರಗುವುದೂ ಗೊತ್ತಿರಬೇಕು. 50 ಲಕ್ಷ ಡಾಲರ್ ಮೌಲ್ಯದ ಕಂಪನಿಗೆ 50,000 ಡಾಲರ್ ಹಾಕಿದರೆ ಶೇ. 1. ಆಮೇಲೆ ನಾಲ್ಕು ಸುತ್ತು ಬಂಡವಾಳ ಎತ್ತಿ, ಪ್ರತಿ ಸುತ್ತಿನಲ್ಲೂ ಶೇ. 20 ಹೊಸಬರಿಗೆ ಹೋದರೆ ಉಳಿಯುವುದು ಶೇ. 0.41. ಕಂಪನಿ 10 ಕೋಟಿ ಡಾಲರ್‌ಗೆ ಮಾರಾಟವಾದರೆ 4.1 ಲಕ್ಷ ಡಾಲರ್, ಒಳ್ಳೆಯದೇ. ಆದರೆ ಹಣದ ಬದಲು ಹೆಸರು ಕೊಟ್ಟು 'ಸಲಹೆಗಾರರ ಷೇರು' ಪಡೆಯುವ ಕಲಾವಿದರ ಸ್ಥಿತಿ ಬೇರೆ. ಅವು ಸಾಮಾನ್ಯ ಷೇರುಗಳು. ಹಣ ಹಾಕಿದವರ, ಮಾರಾಟದ ಹಣ ಮೊದಲು ಸಿಗುವ ಆದ್ಯತೆಯ ಷೇರುಗಳ ಹಿಂದೆ ನಿಲ್ಲುತ್ತವೆ. 4 ಕೋಟಿ ಡಾಲರ್ ಎತ್ತಿದ ಕಂಪನಿ 3 ಕೋಟಿಗೆ ಮಾರಾಟವಾದರೆ ಅವರಿಗೆ ಏನೂ ಬರುವುದಿಲ್ಲ. ಷೇರು ಒಮ್ಮೆಗೇ ಕೈಸೇರುವುದೂ ಇಲ್ಲ. ಎರಡು ವರ್ಷದಷ್ಟು ಅವಧಿಯಲ್ಲಿ ತಿಂಗಳ ಲೆಕ್ಕದಲ್ಲಿ ಬರುತ್ತದೆ. ಮ್ಯಾನೇಜರ್ ಕೇಳಬೇಕಾದ ಮೂರು ಪ್ರಶ್ನೆ: ಯಾವ ಬಗೆಯ ಷೇರು, ಎಷ್ಟು ಅವಧಿಯಲ್ಲಿ, ಮುಂದಿನ ಸುತ್ತಿನಲ್ಲಿ ಪಾಲು ಉಳಿಸಿಕೊಳ್ಳಲು ಹಣ ಹಾಕುವ ಹಕ್ಕು ಇದೆಯೇ. ಇದಕ್ಕೆಲ್ಲ ಮೊದಲು ತನ್ನ ಕಲಾವಿದರ ಜೊತೆಗೇ ಬಗೆಹರಿಯಬೇಕಾದ್ದೊಂದಿದೆ: ಹೀಗೆ ಬಂದ ಷೇರಿಗೆ ಕಮಿಷನ್ ಇದೆಯೇ, ಇದ್ದರೆ ಷೇರಿನ ರೂಪದಲ್ಲೋ ಹಣದಲ್ಲೋ? ಇದನ್ನು ಬರೆದಿಡದಿದ್ದರೆ ಷೇರು ಬೆಲೆ ಏರಿದ ದಿನ ಸ್ನೇಹ ಮುರಿಯುತ್ತದೆ.

2015ರಲ್ಲಿ ಮಾರ್ಲನ್ ನಿಕಲ್ಸ್ ಮತ್ತಿತರರ ಜೊತೆ 'ಕ್ರಾಸ್ ಕಲ್ಚರ್ ವೆಂಚರ್ಸ್' ನಿಧಿ ಶುರುವಾಯಿತು. ಇಲ್ಲಿ ಹಾಕುವುದು ಬೇರೆಯವರ ಹಣ. ಇಂಥ ನಿಧಿಗಳಲ್ಲಿ ನಡೆಸುವವರಿಗೆ ವರ್ಷಕ್ಕೆ ಶೇ. 2 ಶುಲ್ಕ, ಲಾಭದಲ್ಲಿ ಶೇ. 20 ಪಾಲು ಅನ್ನುವುದು ಬಳಕೆಯ ಸೂತ್ರ. ಮ್ಯಾನೇಜರ್‌ನ ಶೇ. 20 ಕಿವಿಗೆ ಹಾಗೆಯೇ ಕೇಳಿಸುತ್ತದೆ, ಆದರೆ ಎರಡೂ ತೀರಾ ಬೇರೆ. ಮ್ಯಾನೇಜರ್ ಮೊದಲ ರೂಪಾಯಿಯಿಂದಲೇ ಪಾಲು ಪಡೆಯುತ್ತಾರೆ. ನಿಧಿ ನಡೆಸುವವರು ಹಾಕಿದವರ ಅಸಲು ವಾಪಸಾದ ಮೇಲೆ. ಕ್ರಾಸ್ ಕಲ್ಚರ್ ಮುಂದೆ ಇನ್ನೊಂದು ನಿಧಿಯೊಂದಿಗೆ ಸೇರಿ 'ಮ್ಯಾಕ್ ವೆಂಚರ್ ಕ್ಯಾಪಿಟಲ್' ಆಯಿತು.

2016ರಿಂದ 2018ರವರೆಗೆ ಕಾರ್ಟರ್ ಸ್ಪಾಟಿಫೈನಲ್ಲಿ ಕಲಾವಿದರ ವಿಭಾಗದ ಜಾಗತಿಕ ಮುಖ್ಯಸ್ಥರಾಗಿದ್ದರು. ಅದೇ ಹೊತ್ತಿಗೆ, 2016ರಲ್ಲಿ ತೀರಿಕೊಂಡ ಗಾಯಕ ಪ್ರಿನ್ಸ್ ಅವರ ಆಸ್ತಿ ನೋಡಿಕೊಳ್ಳುತ್ತಿದ್ದ ಬ್ಯಾಂಕಿಗೆ ಮನರಂಜನಾ ಸಲಹೆಗಾರರೂ ಆದರು. ಎರಡು ಪಾತ್ರ ಒಟ್ಟಿಗೆ ಸರಿಯೇ ಎಂದು ವಾರಸುದಾರರಲ್ಲಿ ಕೆಲವರು ಎತ್ತಿದ ಆಕ್ಷೇಪ ನ್ಯಾಯವಾದದ್ದು ಅನ್ನಿಸುತ್ತದೆ. ಮ್ಯಾನೇಜರ್ ಹೂಡಿಕೆದಾರರೂ ಆದಾಗ, ಈ ಸಲಹೆ ಯಾರ ಪರ ಅನ್ನುವ ಪ್ರಶ್ನೆ ಪ್ರತಿ ಮೇಜಿನಲ್ಲೂ ಏಳುತ್ತದೆ. ಪಾಲಿರುವುದನ್ನು ಮೊದಲೇ ಲಿಖಿತವಾಗಿ ತಿಳಿಸುವುದು, ಅಂಥ ಕಂಪನಿಯ ವ್ಯವಹಾರದಲ್ಲಿ ಕಲಾವಿದರಿಗೆ ಬೇರೆ ವಕೀಲರನ್ನು ಇಡಿಸುವುದು, ಇವೆರಡೂ ಕನಿಷ್ಠ.

ಸ್ಪಾಟಿಫೈ ಬಿಟ್ಟ ಮೇಲೆ 2019ರಲ್ಲಿ ಸುಝಿ ರ್‍ಯೂ, ಹಳೆಯ ಜೊತೆಗಾರ ಜೆ. ಅರ್ವಿಂಗ್ ಜೊತೆ 'ಕ್ಯೂ ಅಂಡ್ ಎ' ಅನ್ನುವ ಸಂಗೀತ ಮತ್ತು ತಂತ್ರಜ್ಞಾನ ಕಂಪನಿ, 2021ರಲ್ಲಿ ಸ್ವತಂತ್ರ ಕಲಾವಿದರ ಹಾಡುಗಳನ್ನು ವಿತರಿಸುವ 'ವೆನಿಸ್ ಮ್ಯೂಸಿಕ್' ಶುರು ಮಾಡಿದರು. ವಿತರಣೆ ಕಮಿಷನ್‌ಗಿಂತ ತೆಳುವಾದ ವ್ಯಾಪಾರ: ಪ್ರತಿ ಹಾಡಿನ ಲಾಭ ಸಣ್ಣದು, ಸ್ಟ್ರೀಮಿಂಗ್ ಹಣ ಒಂದೆರಡು ತಿಂಗಳು ತಡವಾಗಿ ಬರುತ್ತದೆ, ಅಷ್ಟರೊಳಗೆ ಕಲಾವಿದರು ಮುಂಗಡ ಕೇಳುತ್ತಾರೆ, ಹಾಡು ಓಡದಿದ್ದರೆ ಆ ಮುಂಗಡ ಮುಳುಗುತ್ತದೆ. ಸಾವಿರಾರು ಕಲಾವಿದರನ್ನು ಒಂದೇ ತಂತ್ರಾಂಶದಲ್ಲಿ ನಿಭಾಯಿಸಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಆದರೆ ಇಲ್ಲಿ ಒಬ್ಬ ಗಾಯಕಿ ಬಿಟ್ಟುಹೋದರೆ ಹೋಗುವುದು ಆ ಒಬ್ಬರ ಖಾತೆ ಮಾತ್ರ.