ಬಾಣಲೆಯಲ್ಲಿ ಉಳಿದ ಎಣ್ಣೆ

ಬೆಂಗಳೂರಿನ ಬಡಾವಣೆಗಳಲ್ಲಿ ಗಾಣದ ಎಣ್ಣೆ ಅಂಗಡಿ ಹೆಚ್ಚಿದಂತೆ ‘ಸೂರ್ಯಕಾಂತಿ ಎಣ್ಣೆ ವಿಷ’ ಅನ್ನುವ ಮಾತೂ ಜೋರಾಗಿದೆ. ಉತ್ಪ್ರೇಕ್ಷೆ. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಸುಮಾರು 60% ಲಿನೋಲಿಯಿಕ್ ಆಮ್ಲ ಎಂಬ ಅಪರ್ಯಾಪ್ತ (ಕೋಣೆಯ ಕಾವಿನಲ್ಲಿ ಗಟ್ಟಿಯಾಗದ) ಕೊಬ್ಬು. ತುಪ್ಪ, ಕೊಬ್ಬರಿ ಎಣ್ಣೆಯ ಬದಲು ಬಳಸಿದರೆ ಎಲ್‌ಡಿಎಲ್, ಅಂದರೆ ‘ಕೆಟ್ಟ’ ಕೊಲೆಸ್ಟರಾಲ್ ಇಳಿಯುತ್ತದೆ.

ತೊಂದರೆ ಇರುವುದು ಬಾಣಲೆಯಲ್ಲಿ. ಈ ಆಮ್ಲದ ಜೋಡಿಬಂಧಗಳು (ಇಂಗಾಲದ ಪರಮಾಣುಗಳ ನಡುವಿನ ಎರಡೆಳೆಯ ಕೊಂಡಿಗಳು) ಕಾವಿಗೆ ಬೇಗ ಆಕ್ಸಿಡೀಕರಣಗೊಳ್ಳುತ್ತವೆ, ಅಂದರೆ ಗಾಳಿಯ ಆಮ್ಲಜನಕದೊಡನೆ ಸೇರಿ ಕೆಡುತ್ತವೆ. ಬೋಂಡ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದರೆ ಎಣ್ಣೆ ಕೆಟ್ಟಾಗ ಹುಟ್ಟುವ ಪೋಲಾರ್ ಸಂಯುಕ್ತಗಳು ಏರುತ್ತವೆ; ಅವು 25% ದಾಟಿದ ಎಣ್ಣೆಯನ್ನು ಬಳಸುವಂತಿಲ್ಲ ಎನ್ನುತ್ತದೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ನಿಯಮ. ಅಳೆಯುವ ಮೀಟರ್ ಮನೆಯಲ್ಲೆಲ್ಲಿ? ಕಪ್ಪಾಗಿ, ಜಿಗುಟಾಗಿ, ನೊರೆ ಆರದೆ ನಿಂತರೆ ಅದರ ಆಯಸ್ಸು ಮುಗಿದಂತೆ.

ಕರಿಯಲು ಈ ಆಮ್ಲ ಕಡಿಮೆ ಇರುವ ಕಡಲೆಕಾಯಿ ಎಣ್ಣೆ ವಾಸಿ. ಸಣ್ಣ ಬಾಣಲೆ, ಕಡಿಮೆ ಎಣ್ಣೆ, 180 ಡಿಗ್ರಿ ಸೆಲ್ಸಿಯಸ್ ಮೀರದ ಕಾವು. ಉಳಿದದ್ದನ್ನು ಸೋಸಿ ಒಂದೆರಡು ದಿನದೊಳಗೆ ಒಗ್ಗರಣೆಗೆ ಬಳಸಿ. ಅಂದಹಾಗೆ, ಗಾಣದ್ದೇ ಆದರೂ ಟೀ ಚಮಚಕ್ಕೆ ಸುಮಾರು 40 ಕ್ಯಾಲೊರಿ ಇದ್ದೇ ಇರುತ್ತದೆ.